ಕೊತ್ತಲದ ಮೇಲಿನ ಗಾಜು

ಕೇಳುಗರಿಗೆ ನಮಸ್ಕಾರ.

ಕೋಟೆ ಕೊತ್ತಲ ಎಂದು ನಾವು ಜೋಡಿಯಾಗಿಯೇ ಹೇಳುತ್ತೇವೆ. ನಮ್ಮ ಕಡೆಯ ಕೊತ್ತಲಗಳು ಬಹುಮಟ್ಟಿಗೆ ದುಂಡಗಿರುತ್ತವೆ. ಫಿರಂಗಿಗಳ ಕಾಲದ ಯುರೋಪಿನಲ್ಲಿ ಅವು ಬಾಣದ ಮೊನೆಯಂತೆ ಚೂಪಾದವು. ದುಂಡು ಗೋಡೆಯ ಬುಡದಲ್ಲಿ ಶತ್ರುವಿಗೆ ಸಿಗುತ್ತಿದ್ದ ಮರೆ ಅಲ್ಲಿ ಸಿಗುತ್ತಿರಲಿಲ್ಲ. ಆ ಬಾಣದ ಮೊನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇಂದು ನಾನು ಹೇಳಹೊರಟಿರುವ ಗಾಜಿನ ಕಟ್ಟಡ ನಿಂತಿರುವುದು ಅದರ ಮೇಲೆಯೇ.

ಲಕ್ಸೆಂಬರ್ಗ್ ನಗರದ ಕಿರ್ಶ್‌ಬೆರ್ಗ್ ಗುಡ್ಡದ ಅಂಚಿನಲ್ಲಿ ಆಸ್ಟ್ರಿಯನ್ನರು 1732ರಲ್ಲಿ ಟ್ಯೂಂಗನ್ ಕೋಟೆಯನ್ನು ಕಟ್ಟತೊಡಗಿದರು. 1867ರ ಲಂಡನ್ ಒಪ್ಪಂದ ಲಕ್ಸೆಂಬರ್ಗನ್ನು ತಟಸ್ಥ ದೇಶವೆಂದು ಸಾರಿತು. ಕೋಟೆಯನ್ನು ಕೆಡವಲೇಬೇಕೆಂದು ಕಟ್ಟಳೆಯನ್ನೂ ಹಾಕಿತು. ಊರಿನ ಸುತ್ತಲಿನ ಕೋಟೆಗಳನ್ನು ಕೆಡವುವುದಕ್ಕೇ 16 ವರ್ಷ ಹಿಡಿಯಿತು. ಟ್ಯೂಂಗನ್‌ನಲ್ಲಿ ಉಳಿದದ್ದು ಅಡಿಪಾಯ ಮತ್ತು ಮೂರು ದುಂಡು ಬುರುಜುಗಳು. ಪ್ರತಿ ಬುರುಜಿನ ನೆತ್ತಿಯ ಮೇಲೆ ಹೊಂಬಣ್ಣದ ಓಕ್ ಕಾಯಿಯೊಂದು ಕುಳಿತಿದೆ. ಊರಿನವರು ಈ ಕೋಟೆಯನ್ನು ಕರೆಯುವುದೇ ‘ಮೂರು ಓಕ್ ಕಾಯಿ’ ಎಂದು.

ಅಲ್ಲಿ ಆಧುನಿಕ ಕಲೆಗೊಂದು ಮನೆ ಕಟ್ಟುವ ಕೆಲಸ ವಾಸ್ತುಶಿಲ್ಪಿ ಐ. ಎಂ. ಪೇ ಅವರ ಪಾಲಿಗೆ ಬಂತು. ಹಿಂದೆ ಅರಮನೆಯಾಗಿದ್ದ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಅಂಗಳದಲ್ಲಿ ಗಾಜಿನ ಪಿರಮಿಡ್ ನಿಲ್ಲಿಸಿದವರು ಇವರೇ. ಆ ಪಿರಮಿಡ್ ಲೋಕಕ್ಕೆಲ್ಲ ಗೊತ್ತು. ನನಗೆ ಮಾತ್ರ ಲಕ್ಸೆಂಬರ್ಗಿನ ಗಾಜೇ ಹೆಚ್ಚು ಇಷ್ಟ. ಪ್ಯಾರಿಸ್ಸಿನಲ್ಲಿ ಅದು ಅರಮನೆಯ ನಡುವೆ ತಾನೇ ತಾನಾಗಿ ನಿಂತಿದೆ. ಇಲ್ಲಿ ಪೇ ಹಳೆಯ ಗೋಡೆ ಹಾದುಹೋದ ಗೆರೆಯನ್ನೇ ಹಿಡಿದು ನಡೆದರು. ಹೊಸ ಕಟ್ಟಡದ ನಕ್ಷೆಯೂ ಬಾಣದ ಮೊನೆಯೇ. ಇನ್ನೂರೈವತ್ತು ವರ್ಷ ಹಿಂದಿನ ಸೇನೆಯ ಲೆಕ್ಕಾಚಾರಕ್ಕೆ ಅಂಥ ದೊಡ್ಡ ವಾಸ್ತುಶಿಲ್ಪಿ ತಲೆಬಾಗಿದ್ದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಮ್ಯುಡಾಮ್ ಎಂಬ ಈ ಸಂಗ್ರಹಾಲಯದ ಬಾಗಿಲು ತೆರೆದದ್ದು 2006ರ ಜುಲೈನಲ್ಲಿ. ಗೋಡೆಗಳಿಗೆ ಫ್ರಾನ್ಸಿನ ಬರ್ಗಂಡಿಯಿಂದ ತಂದ ಸುಣ್ಣಕಲ್ಲು, ಜೇನಿನ ಬಣ್ಣದ್ದು. ಒಳಗಿನ ದೊಡ್ಡ ಹಜಾರಕ್ಕೆ ಕಾಲಿಟ್ಟವರು ಮೊದಲು ಕತ್ತೆತ್ತುತ್ತಾರೆ. ಮೇಲೆ ಉಕ್ಕಿನ ಹಂದರ, ಅದಕ್ಕೆ ಹೊದಿಸಿದ ಗಾಜು, ಅದರಾಚೆ ಆಕಾಶ. ಮೋಡ ಸರಿದರೆ ಹಂದರದ ನೆರಳು ಜೇನುಬಣ್ಣದ ಕಲ್ಲಿನ ಮೇಲೆ ಬಲೆಯಂತೆ ಹರಡುತ್ತದೆ. ಮತ್ತೊಂದು ಮೋಡ ಬಂದರೆ ಅಳಿಸಿಹೋಗುತ್ತದೆ. ಬಿಸಿಲು ನೇರವಾಗಿ ಬಿದ್ದರೆ ಚಿತ್ರಗಳ ಬಣ್ಣ ಮಾಸುತ್ತದೆ, ನಿಜ. ಆದರೆ ಈ ಹಜಾರ ಇರುವುದೇ ಬೆಳಕಿಗಾಗಿ.

ಬುರುಜುಗಳಿರುವ ಹಳೆಯ ಭಾಗದಲ್ಲೂ 2012ರಿಂದ ಕೋಟೆಯ ಚರಿತ್ರೆ ಹೇಳುವ ಇನ್ನೊಂದು ಸಂಗ್ರಹಾಲಯವಿದೆ. ಅದರ ಮುಂದೆ ನಿಂತು ತಲೆಯೆತ್ತಿದರೆ ಮೊದಲು ಓಕ್ ಕಾಯಿಗಳು ಕಾಣುತ್ತವೆ, ಅವುಗಳ ಬೆನ್ನಿಗೇ ಗಾಜಿನ ಶಿಖರ.

ನಮಸ್ಕಾರ.