ಎಣ್ಣೆಗೆ ಏನು ಸೇರಿದೆ, ಎಣ್ಣೆಯೇ ಏನಾಗಿದೆ?

ಎಲ್ಲರಿಗೂ ನಮಸ್ಕಾರ.

ಈ ಎರಡು ಬಾಟಲಿ ನೋಡಿ. ಎರಡರಲ್ಲೂ ಬಳಸಿದ ಹೈಡ್ರಾಲಿಕ್ ಎಣ್ಣೆ, ಅಂದರೆ ಒತ್ತಡದಿಂದ ಯಂತ್ರ ನಡೆಸುವ ಎಣ್ಣೆ ಇದೆ. ಒಂದು ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕದಡಿದೆ. ಇನ್ನೊಂದು ಕಂದು ಬಣ್ಣಕ್ಕೆ ತಿರುಗಿದೆ, ಆದರೆ ತಿಳಿಯಾಗಿದೆ. ಯಾವುದನ್ನು ಚೆಲ್ಲುತ್ತೀರಿ? ಬಿಳಿಯದನ್ನೇ, ಅಲ್ವಾ?

ನಾನೂ ಒಮ್ಮೆ ಹಾಗೇ ಮಾಡಿದೆ. ಪ್ರೆಸ್ಸಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ ಹೊಸ ಎಣ್ಣೆ ತುಂಬಿಸಿದೆ. ಮೂರೇ ವಾರ, ಮತ್ತೆ ಬೆಳ್ಳಗಾಯಿತು. ನೋಡಿದರೆ ಎಣ್ಣೆಯನ್ನು ನೀರಿನಿಂದ ತಣಿಸುವ ಕೂಲರಿನ ಒಂದು ಟ್ಯೂಬ್ ತೂತಾಗಿ ನೀರು ಒಳಗೆ ಬರುತ್ತಲೇ ಇತ್ತು. ನಾನು ಎಣ್ಣೆಯನ್ನು ಚೆಲ್ಲಿದ್ದೆ, ತೂತನ್ನು ಉಳಿಸಿಕೊಂಡಿದ್ದೆ!

ಅಂದಿನಿಂದ ಮೊದಲು ಕೇಳುವುದು ಇಷ್ಟೇ. ಹೊರಗಿನದು ಏನಾದರೂ ಎಣ್ಣೆಗೆ ಸೇರಿದೆಯಾ, ಇಲ್ಲ ಎಣ್ಣೆಯೇ ಕೆಟ್ಟಿದೆಯಾ? ಸೇರಿದ್ದನ್ನು ತೆಗೆಯಬಹುದು. ದೂಳು, ಲೋಹದ ಪುಡಿ ಇದ್ದರೆ ಟ್ಯಾಂಕಿನ ಪಕ್ಕ ಬೇರೆ ಪಂಪು, ಫಿಲ್ಟರ್ ಇಟ್ಟು ಸೋಸುತ್ತಾ ಇರಿ. ನೀರಿಗೆ ವ್ಯಾಕ್ಯೂಮ್ ಯಂತ್ರವಿದೆ. ಒತ್ತಡ ಇಳಿಸಿದರೆ ನೀರು 100 ಡಿಗ್ರಿಗೆ ಕಾಯದೆ, ಕಡಿಮೆ ಬಿಸಿಯಲ್ಲೇ ಆವಿಯಾಗುತ್ತದೆ.

ಕೆಟ್ಟ ಎಣ್ಣೆಯ ಕಥೆ ಬೇರೆ. ಬಿಸಿ, ಗಾಳಿ ಸೇರಿ ಅದು ಆಕ್ಸಿಡೈಸ್ ಆಗುತ್ತದೆ, ಅಂದರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಡುತ್ತದೆ. ಬಿಸಿ 10 ಡಿಗ್ರಿ ಏರಿದರೆ ಇದರ ವೇಗ ಸುಮಾರು ಎರಡು ಪಟ್ಟು. ಮೊದಲು ಇದನ್ನು ತಡೆಯಲು ಎಣ್ಣೆಗೆ ಬೆರೆಸಿರುವ ರಾಸಾಯನಿಕ, ಅಂದರೆ ಅಡಿಟಿವ್ ಸವೆಯುತ್ತದೆ. ಆಮೇಲೆ ಆಮ್ಲ ಹುಟ್ಟುತ್ತದೆ, ಎಣ್ಣೆ ದಪ್ಪವಾಗುತ್ತದೆ, ವಾಲ್ವಿನ ಒಳಗೆ ಸರಿದಾಡುವ ಸ್ಪೂಲಿನ ಮೇಲೆ ವಾರ್ನಿಶ್ ಅನ್ನುವ ಅಂಟು ಪದರ ಕೂರುತ್ತದೆ. ತಣ್ಣಗಿದ್ದಾಗ ವಾಲ್ವ್ ಹಿಡಿದುಕೊಂಡು, ಬಿಸಿಯಾದ ಮೇಲೆ ಸಲೀಸಾದರೆ ಅನುಮಾನ ಪಡಿ. ವಾರ್ನಿಶ್ ಹಿಡಿಯುವ ಫಿಲ್ಟರುಗಳೂ ಇವೆ. ಆದರೆ ಸವೆದ ಅಡಿಟಿವ್ ಅನ್ನು ಯಾವ ಫಿಲ್ಟರೂ ವಾಪಸ್ ತರುವುದಿಲ್ಲ. ಡಬ್ಬಿಯಿಂದ ಅಡಿಟಿವ್ ಸುರಿದು ಸರಿಮಾಡುತ್ತೇನೆ ಅನ್ನುವವರಿದ್ದಾರೆ. ನಾನಂತೂ ಬೇಡ ಅನ್ನುತ್ತೇನೆ. ಒಂದು ಜಾಸ್ತಿಯಾದರೆ ಇನ್ನೊಂದರ ಕೆಲಸ ಕೆಡುತ್ತದೆ.

ಬಣ್ಣ ನೋಡಿ ತೀರ್ಮಾನಿಸಬೇಡಿ, ಲ್ಯಾಬ್ ರಿಪೋರ್ಟ್ ನೋಡಿ. 46 ನಂಬರಿನ ಹೊಸ ಎಣ್ಣೆಯ ವಿಸ್ಕಾಸಿಟಿ, ಅಂದರೆ ಎಣ್ಣೆ ಎಷ್ಟು ದಪ್ಪ ಅನ್ನುವ ಅಳತೆ, 40 ಡಿಗ್ರಿಯಲ್ಲಿ 41.4ರಿಂದ 50.6 ಸೆಂಟಿಸ್ಟೋಕ್ಸ್ ಒಳಗಿರುತ್ತದೆ. ನಿಮ್ಮದು ಅದರಾಚೆ ಹೋಗಿದ್ದರೆ ಯೋಚಿಸಿ. ಆಮ್ಲ ಎಷ್ಟಿದೆ ಅನ್ನುವ ಆಸಿಡ್ ನಂಬರನ್ನು ಹೊಸ ಎಣ್ಣೆಯದರ ಜೊತೆಗೇ ಹೋಲಿಸಿ, ಯಾಕೆಂದರೆ ಅಡಿಟಿವ್‌ನಿಂದಾಗಿ ಹೊಸದರಲ್ಲೂ ಸ್ವಲ್ಪ ಇರುತ್ತದೆ. ಸ್ಯಾಂಪಲ್ ಅನ್ನು ಟ್ಯಾಂಕಿನ ತಳದಿಂದ ಹಿಡಿಯಬೇಡಿ, ಅಲ್ಲಿ ಸಿಗುವುದು ಮಡ್ಡಿ. ಮಷೀನ್ ಓಡುತ್ತಿರುವಾಗ, ಎಣ್ಣೆ ಟ್ಯಾಂಕಿಗೆ ಮರಳುವ ರಿಟರ್ನ್ ಲೈನಿನಲ್ಲಿ, ಫಿಲ್ಟರಿಗೆ ಮುಂಚೆ ಹಿಡಿಯಿರಿ.

ಈ ಬಾಟಲಿಗಳ ರಿಪೋರ್ಟ್ ನನ್ನ ಕೈಯಲ್ಲಿದೆ. ಬಿಳಿಯದರಲ್ಲಿ ನೀರು ಬಿಟ್ಟರೆ ಎಲ್ಲ ಸರಿಯಿದೆ. ನೀರು ತೆಗೆದು ಅದನ್ನೇ ಓಡಿಸಬಹುದು. ಹಾಗಂತ ತಿಂಗಳುಗಟ್ಟಲೆ ಬಿಟ್ಟರೆ ನೀರೇ ಅಡಿಟಿವ್ ತಿಂದುಹಾಕುತ್ತದೆ. ಕಂದು ಎಣ್ಣೆಯಲ್ಲಿ ಆಮ್ಲ ಏರಿದೆ, ಅಡಿಟಿವ್ ಮುಗಿದಿದೆ. ಚೆಲ್ಲಬೇಕಾದ್ದು ಇದನ್ನು.

ಚೆಲ್ಲುವಾಗ ಎಣ್ಣೆ ಬಿಸಿಯಾಗಿರಲಿ. ಸಿಲಿಂಡರ್, ಪೈಪುಗಳಲ್ಲಿ ನಿಂತದ್ದನ್ನೂ ಇಳಿಸಿ, ಇಲ್ಲದಿದ್ದರೆ ಆ ಹಳೆಯದು ಹೊಸದನ್ನು ಬೇಗ ಕೆಡಿಸುತ್ತದೆ. ಡ್ರಮ್ಮಿನ ಹೊಸ ಎಣ್ಣೆ ಫಳಫಳ ಹೊಳೆದರೂ ಸುಮ್ನೆ ನಂಬಬೇಡಿ. ಕಣ್ಣಿಗೆ ಕಾಣುವುದು ಸುಮಾರು 40 ಮೈಕ್ರಾನಿಗಿಂತ ದೊಡ್ಡ ಕಣ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಎಣ್ಣೆಯ ಹರಿವನ್ನು ಸೂಕ್ಷ್ಮವಾಗಿ ನಿಯಂತ್ರಿಸುವ ಸರ್ವೊ ವಾಲ್ವಿನ ಸಂದು ಕೆಲವೇ ಮೈಕ್ರಾನ್. ತುಂಬುವಾಗಲೂ ಫಿಲ್ಟರ್ ಮೂಲಕವೇ ತುಂಬಿ.