ತೀರ್ಪು ಕೊಡುವ ಮುನ್ನ ಕಿವಿ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಶುಕ್ರವಾರ ಸಿನಿಮಾ ಬಿಡುಗಡೆಯಾದರೆ ಶನಿವಾರದ ಹೊತ್ತಿಗೆ ಊರಿನ ತೀರ್ಪು ಸಿದ್ಧ. ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಎಳೆದಿದ್ದಾರೆ. ಹೀರೋ ಚೆನ್ನಾಗಿ ಮಾಡಿದ್ದಾನೆ, ಕಥೆಯಲ್ಲಿ ದಮ್ ಇಲ್ಲ. ಹಾಡು ಪರವಾಗಿಲ್ಲ, ಡೈಲಾಗ್ ಅರ್ಧ ಅರ್ಥವಾಗಲಿಲ್ಲ. ದುಡ್ಡು ಕೊಟ್ಟು ನೋಡುವವರು ಹೀಗೆ ಮಾತಾಡಲೇಬೇಕು, ಅದರಿಂದಲೇ ಸಿನಿಮಾ ಓಡುವುದು, ಬೀಳುವುದು. ಆದರೆ ಇಷ್ಟೆಲ್ಲ ಮಾತಿನಲ್ಲಿ ಸೌಂಡಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಇವತ್ತು ನನಗೆ ಸಿಕ್ಕಿರುವ ಸಮಯದಲ್ಲಿ ಒಂದೇ ಒಂದು ಸಂಗತಿ ಹೇಳುತ್ತೇನೆ, ತಿರುಗಿಸಿ ತಿರುಗಿಸಿ ಅದನ್ನೇ ಹೇಳುತ್ತೇನೆ. ಸಿನಿಮಾದ ಅರ್ಧ ಕೆಲಸ ನಡೆಯುವುದು ಕಿವಿಯಲ್ಲಿ. ಚೆನ್ನಾಗಿಲ್ಲ ಅನ್ನುವ ಮುನ್ನ, ಅದು ನಿಮಗೆ ಸರಿಯಾಗಿ ಕೇಳಿಸಿತೇ ಎಂದು ಮೊದಲು ನೋಡಿಕೊಳ್ಳಿ.

ಇದಕ್ಕೆ ಸಾಕ್ಷಿ ಬೇಕೆಂದರೆ 'ಕಾಂತಾರ'ದ ವಿಷಯ ಸಾಕು. ರಿಷಬ್ ಶೆಟ್ಟಿಯವರ ಈ ಚಿತ್ರ 2022ರ ಸೆಪ್ಟೆಂಬರ್ 30ಕ್ಕೆ ತೆರೆಗೆ ಬಂತು. ಕೊನೆಯಲ್ಲಿ ಬರುವ ಕೋಲದ, ಅಂದರೆ ದೈವದ ಕುಣಿತದ ದೃಶ್ಯದಲ್ಲಿ 'ವರಾಹ ರೂಪಂ' ಹಾಡು ಬರುತ್ತದೆ. ಅಜನೀಶ್ ಲೋಕನಾಥ್ ಅವರ ಸಂಗೀತ, ಶಶಿರಾಜ್ ಕಾವೂರು ಅವರ ಸಾಹಿತ್ಯ, ಸಾಯಿ ವಿಘ್ನೇಶ್ ಅವರ ಕಂಠ. ನಾದಸ್ವರ ಮೇಲೇರುತ್ತಿರುವಾಗ ಅದರ ಅಡಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಗುಡುಗುತ್ತದೆ. ಥಿಯೇಟರಿನಲ್ಲಿ ಆ ಹೊತ್ತಿಗೆ ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಹೊರಗೆ ಬಂದವರನ್ನು ಕೇಳಿದರೆ 'ಕ್ಲೈಮ್ಯಾಕ್ಸ್ ಆಕ್ಟಿಂಗ್ ನೋಡಬೇಕು ಸಾರ್' ಎನ್ನುತ್ತಿದ್ದರು. ಹಾಡಿನ ಹೆಸರು ಎಷ್ಟೋ ಜನರ ಬಾಯಲ್ಲಿ ಆಮೇಲೆ ಬರುತ್ತಿತ್ತು, ಕೆಲವರಲ್ಲಿ ಬರುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಕೇರಳದ ಒಂದು ಸಂಗೀತ ತಂಡ, ಇದು ನಮ್ಮ ಹಾಡನ್ನು ಹೋಲುತ್ತದೆ ಎಂದು ನ್ಯಾಯಾಲಯಕ್ಕೆ ಹೋಯಿತು. ತಡೆಯಾಜ್ಞೆ ಬಂತು. ನವೆಂಬರ್ 24ಕ್ಕೆ ಸಿನಿಮಾ ಓಟಿಟಿಗೆ ಬಂದಾಗ ಆ ಜಾಗದಲ್ಲಿ ಬೇರೆ ರಾಗಸಂಯೋಜನೆಯ ಹಾಡು ಕೂತಿತ್ತು. ಇಲ್ಲಿ ದಯವಿಟ್ಟು ಗಮನ ಕೊಡಿ. ಚಿತ್ರ ಅದೇ. ನಟ ಅದೇ. ಬಣ್ಣ, ಬೆನ್ನಿಗೆ ಕಟ್ಟುವ ಅಣಿ, ದೊಂದಿಯ ಬೆಳಕು, ಕುಣಿತದ ಒಂದೊಂದು ಹೆಜ್ಜೆ, ಕತ್ತರಿ ಬಿದ್ದ ಜಾಗ, ಎಲ್ಲವೂ ಅದೇ. ಬದಲಾದದ್ದು ಹಾಡಿನ ಸದ್ದು ಮಾತ್ರ. ಅದೇ ದಿನ ಜನ ಸಿಡಿದೆದ್ದರು. 'ಇದು ನಾವು ಥಿಯೇಟರಿನಲ್ಲಿ ನೋಡಿದ ಕ್ಲೈಮ್ಯಾಕ್ಸ್ ಅಲ್ಲ', 'ರೋಮಾಂಚನವೇ ಆಗಲಿಲ್ಲ' ಎಂಬ ಮಾತು ಎಲ್ಲೆಲ್ಲೂ. ಸಂಗೀತದ ಗಂಧಗಾಳಿ ಇಲ್ಲದವರೂ, ಸ್ವರ ಯಾವುದು ತಾಳ ಯಾವುದು ಗೊತ್ತಿಲ್ಲದವರೂ ಅದನ್ನೇ ಹೇಳಿದರು. ಮುಂದೆ ಕಾನೂನಿನ ತೊಡಕು ಸಡಿಲಾಗಿ ಹಳೆಯ ಹಾಡು ಮರಳಿ ಬಂತು, ಜನ ಮತ್ತೆ ಅದೇ ದೃಶ್ಯ ಹಾಕಿಕೊಂಡು ನೋಡಿದರು.

ಸಿನಿಮಾ ಕಲಿಸುವ ಶಾಲೆಗಳಲ್ಲಿ ಇಂಥ ಪ್ರಯೋಗ ಮಾಡಿಸುತ್ತಾರೆ. ಒಂದೇ ದೃಶ್ಯಕ್ಕೆ ಎರಡು ಬಗೆಯ ಸದ್ದು ಕೂಡಿಸಿ ತೋರಿಸುತ್ತಾರೆ. ಆದರೆ ಇಷ್ಟು ದೊಡ್ಡ ಪ್ರೇಕ್ಷಕ ಸಮೂಹದ ಮೇಲೆ, ಯಾರೂ ಬೇಕೆಂದು ಮಾಡದೆ, ತಾನಾಗಿ ನಡೆದ ಪ್ರಯೋಗ ನಾನು ಬಲ್ಲಂತೆ ಕನ್ನಡದಲ್ಲಿ ಇನ್ನೊಂದಿಲ್ಲ. ಅದೇ ಚಿತ್ರದ ಮುಕ್ತಾಯವನ್ನೂ ನೆನಪಿಸಿಕೊಳ್ಳಿ. ದೈವವು ಅರಣ್ಯ ಅಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಒಟ್ಟುಮಾಡಿ ಎದೆಗಾನಿಸಿಕೊಳ್ಳುತ್ತದೆ. ಒಂದೂ ಮಾತಿಲ್ಲ. ಅದಕ್ಕೂ ಮುಂಚೆ ಕಿವಿ ಕಿತ್ತುಹೋಗುವಷ್ಟು ಕೂಗು, ಡೋಲು, ಕಾಲಿಗೆ ಕಟ್ಟುವ ಗಗ್ಗರದ ಸದ್ದು ತುಂಬಿಸಿದ್ದರಿಂದಲೇ ಆ ಮೌನಕ್ಕೆ ತೂಕ ಬಂದದ್ದು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಗಗ್ಗರದ ಲೋಹದ ಸದ್ದು ಹೇಗೋ ಬರುತ್ತದೆ, ಡೋಲಿನ ಆಳ ಬರುವುದೇ ಇಲ್ಲ. ಆಳವೇ ಕೇಳದವರಿಗೆ ಮೌನ ಕೇವಲ ಖಾಲಿ ಜಾಗ.

'ಕೆಜಿಎಫ್ ಚಾಪ್ಟರ್ 2' ಬಗ್ಗೆ 'ಬರೀ ಗಲಾಟೆ' ಎನ್ನುವವರಿದ್ದಾರೆ. ಗಲಾಟೆಯ ಒಳಗೆ ಕಿವಿ ಇಟ್ಟು ನೋಡಿ. ಪೊಲೀಸ್ ಠಾಣೆಯ ಮುಂದೆ ನಾಯಕ ರಾಕಿ 'ದೊಡ್ಡಮ್ಮ' ಎಂಬ ಬಂದೂಕು ಹಿಡಿದು ಗುಂಡಿನ ಮಳೆ ಸುರಿಸುತ್ತಾನೆ. ಇಂಥ ದೃಶ್ಯಕ್ಕೆ ಸೌಂಡ್ ಮಾಡುವವರು ಒಂದೇ ಒಂದು ಗುಂಡಿನ ಸದ್ದು ತಂದು ಇಡುವುದಿಲ್ಲ, ಪದರ ಪದರವಾಗಿ ಕಟ್ಟುತ್ತಾರೆ. ಹೊಟ್ಟೆಗೆ ತಾಗುವ ಹೊಡೆತ ಆಳದ ಸದ್ದಿಗೆಂದೇ ಇರುವ ಸ್ಪೀಕರ್, ಅಂದರೆ ಸಬ್‌ವೂಫರ್‌ಗೆ. ಚಟೀರ್ ಎನ್ನುವ ಮೊನೆ ಪರದೆಯ ಹಿಂದಿನ ಸ್ಪೀಕರ್‌ಗೆ. ಗೋಡೆಗೆ ಬಡಿದು ವಾಪಸ್ ಬರುವ ಪ್ರತಿಧ್ವನಿ ಪಕ್ಕದ ಗೋಡೆಯ ಸ್ಪೀಕರ್‌ಗಳಿಗೆ. ಇವುಗಳ ನಡುವೆ ಖಾಲಿ ತೋಟಾ ನೆಲಕ್ಕೆ ಉದುರುವ ಕಿಣಿಕಿಣಿ, ಗಾಜಿನ ಪುಡಿ, ತಗಡು ಹರಿಯುವ ಸದ್ದು. ನಂತರ ಎಲ್ಲ ನಿಲ್ಲುತ್ತದೆ, ಕೆಂಪಗೆ ಕಾದ ಬಂದೂಕಿನ ಕೊಳವೆಗೆ ಅವನು ಸಿಗರೇಟು ಹಚ್ಚುತ್ತಾನೆ. ಅಷ್ಟು ಅಬ್ಬರ ಆದದ್ದೇ ಆ ಒಂದು ಸಣ್ಣ ಕ್ಷಣಕ್ಕಾಗಿ. ಮೊದಲ ಭಾಗದಲ್ಲಿ ಅನಂತನಾಗ್ ಅವರ ದನಿ, ಎರಡನೆಯದರಲ್ಲಿ ಪ್ರಕಾಶ್ ರಾಜ್ ಅವರ ದನಿ ಕಥೆಯನ್ನು ಹೊತ್ತು ಸಾಗುತ್ತವೆ. ಆ ದನಿಗಳನ್ನು ತೆಗೆದುಬಿಡಿ, ಕಥೆ ಅರ್ಧಕ್ಕೇ ಬಿಚ್ಚಿಹೋಗುತ್ತದೆ.

ಈಗ ನೀವು ಕೂರುವ ಜಾಗಕ್ಕೆ ಬರೋಣ. ಸಾಮಾನ್ಯ ಥಿಯೇಟರಿನಲ್ಲಿರುವುದು 5.1 ವ್ಯವಸ್ಥೆ. ಪರದೆಯ ಹಿಂದೆ ಎಡ, ಮಧ್ಯ, ಬಲ ಎಂದು ಸದ್ದಿಗೆ ಮೂರು ದಾರಿ. ಪರದೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ, ಸದ್ದು ಅದರ ಮೂಲಕ ಬರುತ್ತದೆ. ಪಕ್ಕ ಮತ್ತು ಹಿಂದಿನ ಗೋಡೆಗಳಿಗೆ ಎರಡು ದಾರಿ. ಆ 'ಪಾಯಿಂಟ್ ಒನ್' ಅಂದರೆ ಸಬ್‌ವೂಫರ್. ಡಾಲ್ಬಿ ಅಟ್ಮಾಸ್ ಎಂಬ ವ್ಯವಸ್ಥೆ ಇದ್ದರೆ ತಲೆಯ ಮೇಲಿನ ಚಾವಣಿಯಲ್ಲೂ ಸ್ಪೀಕರ್ ಇರುತ್ತವೆ, 64 ದಾರಿಗಳವರೆಗೆ ಸದ್ದು ಹಂಚಬಹುದು. ಆದರೆ ಎಷ್ಟೇ ಸ್ಪೀಕರ್ ಇರಲಿ, ಮಾತು ಬರುವುದು ಬಹುಮಟ್ಟಿಗೆ ಮಧ್ಯದ ಸ್ಪೀಕರಿನಿಂದಲೇ. ಇದನ್ನು ಮರೆಯಬೇಡಿ, ಇದರಿಂದ ಒಂದು ಪರೀಕ್ಷೆ ಮಾಡಬಹುದು. ಹಾಡು ಝಗಮಗ ಎಂದು ಚೆನ್ನಾಗಿ ಬರುತ್ತಿದೆ, ಮಾತು ಮಾತ್ರ ಎಲ್ಲ ಪಾತ್ರಗಳದ್ದೂ ಕಂಬಳಿ ಹೊದ್ದು ಆಡಿದ ಹಾಗೆ ಮಂದವಾಗಿದೆ ಎಂದಾದರೆ, ಮಧ್ಯದ ಸ್ಪೀಕರಿನಲ್ಲಿ ತಾರ ಸ್ವರ ಕೊಡುವ ಭಾಗ ಸುಟ್ಟಿರಬಹುದು. ನಿರ್ದೇಶಕರನ್ನು ಬಯ್ಯಬೇಡಿ. ಇಂಟರ್ವಲ್‌ನಲ್ಲಿ ಮ್ಯಾನೇಜರ್ ಹತ್ತಿರ ಹೋಗಿ 'ಸೆಂಟರ್ ಸ್ಪೀಕರ್ ಸರಿಯಿಲ್ಲ' ಎಂದು ಇಷ್ಟೇ ಪದಗಳಲ್ಲಿ ಹೇಳಿ. 'ಸೌಂಡ್ ಚೆನ್ನಾಗಿಲ್ಲ' ಎಂದರೆ ಅವರು ವಾಲ್ಯೂಮ್ ಏರಿಸಿ ಕಳಿಸುತ್ತಾರೆ.

ಈ ವಾಲ್ಯೂಮಿನದೇ ಇನ್ನೊಂದು ರಗಳೆ. ಪ್ರೊಜೆಕ್ಟರ್ ಕೋಣೆಯ ಸೌಂಡ್ ಪ್ರೊಸೆಸರಿನಲ್ಲಿ 0ಯಿಂದ 10ರವರೆಗೆ ಅಂಕೆ ಇರುತ್ತದೆ. ಮಾತು, ಹಾಡು, ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕೋಣೆಯಲ್ಲಿ ಕೇಳಿ ಕೇಳಿ ತೀರ್ಮಾನಿಸಿದ ಮಟ್ಟ 7. ಜಾಹೀರಾತು, ಟ್ರೇಲರ್‌ಗಳು ವಿಪರೀತ ಜೋರಾಗಿರುತ್ತವೆ, ಯಾರೋ ಕಿವಿ ಮುಚ್ಚಿಕೊಂಡು ದೂರುತ್ತಾರೆ, ಸಿಬ್ಬಂದಿ 5ಕ್ಕೋ 4ಕ್ಕೋ ಇಳಿಸುತ್ತಾರೆ. ಸಿನಿಮಾ ಶುರುವಾದ ಮೇಲೆ ಮತ್ತೆ ಏರಿಸುವುದಿಲ್ಲ. ಒಂದು ಅಂಕೆಗೆ ಮೂರು ಡೆಸಿಬಲ್‌ಗಿಂತ ಹೆಚ್ಚು ಇಳಿಯುತ್ತದೆ. ಮೂರು ಅಂಕೆ ಇಳಿದರೆ ಸದ್ದು ಕಿವಿಗೆ ಅರ್ಧದಷ್ಟೇ. ಬಂದೂಕು ಆಗಲೂ ಕೇಳುತ್ತದೆ, ಪಿಸುಮಾತು ಎಸಿಯ ಗುಂಯ್‌ಗುಡುವಿಕೆಯಲ್ಲಿ, ಪಾಪ್‌ಕಾರ್ನ್ ಪೊಟ್ಟಣದ ಪರಪರದಲ್ಲಿ ಕಳೆದುಹೋಗುತ್ತದೆ. ಹೊರಗೆ ಬಂದು ನಾವು ಹೇಳುವುದೇನು? 'ಹೀರೋಯಿನ್ ಏನು ಮಾತಾಡಿದಳೋ ತಿಳಿಯಲಿಲ್ಲ.' ತಪ್ಪು ಅವಳದಲ್ಲ.

ಟಿಕೆಟ್ ತೆಗೆಯುವಾಗ ಪರದೆಯಿಂದ ಹಿಂದಿನ ಗೋಡೆಯವರೆಗಿನ ದೂರದಲ್ಲಿ ಮೂರನೇ ಎರಡು ಭಾಗದಷ್ಟು ಹಿಂದೆ, ಸಾಲಿನ ನಟ್ಟನಡುವೆ ಸೀಟು ಹಿಡಿಯಿರಿ. ಮಿಕ್ಸಿಂಗ್ ಮಾಡುವವರ ಮೇಜು ಇರುವುದು ಸುಮಾರಾಗಿ ಅಲ್ಲೇ. ಕೊನೆಯ ಸಾಲಿನ ಮೂಲೆ ಸೀಟಿಗೆ ನುಗ್ಗಬೇಡಿ. ಗೋಡೆಯ ಸ್ಪೀಕರ್ ತಲೆಯ ಮೇಲೇ ಇದ್ದು ಮಳೆ, ಜಾತ್ರೆಯ ಗದ್ದಲವೆಲ್ಲ ಮಾತಿನ ಮೇಲೆ ಬೀಳುತ್ತದೆ. ಹಳೆಯ ಥಿಯೇಟರುಗಳಲ್ಲಿ ಬಾಲ್ಕನಿ ಕೆಳಗಿನ ಕೊನೆಯ ಸಾಲುಗಳೂ ಬೇಡ, ಅಲ್ಲಿ ಸದ್ದು ಸೊರಗುತ್ತದೆ. ಇನ್ನೊಂದು ಸಂಗತಿ ಉಂಟು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಪರದೆಯಿಂದ 30 ಮೀಟರ್ ಹಿಂದೆ ಕೂತವರಿಗೆ ಮಾತು ತುಟಿಗಿಂತ ಎರಡು ಫ್ರೇಮ್ ತಡವಾಗಿ ತಲುಪುತ್ತದೆ. ಅದನ್ನು ಕಂಡು 'ಡಬ್ಬಿಂಗ್ ಕೂತಿಲ್ಲ' ಎನ್ನುವುದು ನ್ಯಾಯವಲ್ಲ.

ಡಬ್ಬಿಂಗ್ ಕೂತಿದೆಯೇ ಎಂದು ನಿಜವಾಗಿ ತಿಳಿಯಬೇಕಾದರೆ ಪ, ಬ, ಮ ಅಕ್ಷರಗಳನ್ನು ಹಿಡಿಯಿರಿ. ಇವನ್ನು ತುಟಿ ಮುಚ್ಚದೆ ಆಡಲು ಬರುವುದಿಲ್ಲ. ಹಿಂದಿಯ ನಟ 'ನಹೀಂ ಆವೂಂಗಾ' ಎಂದಾಗ ತುಟಿ ಒಮ್ಮೆಯೂ ಮುಚ್ಚುವುದಿಲ್ಲ. ಅಲ್ಲಿ ಕನ್ನಡದಲ್ಲಿ 'ಬರಲ್ಲ' ಎಂದು ಬರೆದರೆ ಕಣ್ಣಿಗೆ ತಕ್ಷಣ ಚುಚ್ಚುತ್ತದೆ, 'ಆಗಲ್ಲ' ಎಂದು ಬರೆದರೆ ಕೂರುತ್ತದೆ. ಬೇರೆ ಭಾಷೆಯ ದೊಡ್ಡ ಚಿತ್ರಗಳು ಕನ್ನಡದಲ್ಲೂ ಬರುತ್ತಿರುವ ಈ ಕಾಲದಲ್ಲಿ ಹೀಗೆ ಒಂದೊಂದು ಪದ ಹುಡುಕಿ ಬರೆಯುವವರ ಶ್ರಮ ಬಹಳ ದೊಡ್ಡದು. ಅವರ ಹೆಸರು ಬರುವ ಹೊತ್ತಿಗೆ ನಾವು ಪಾರ್ಕಿಂಗ್‌ನಲ್ಲಿರುತ್ತೇವೆ.

ಸಮಯ ಮುಗಿಯುತ್ತಾ ಬಂತು, ಹೇಳಬೇಕಾದ್ದು ಉಳಿದಿದೆ, ಬೇಗ ಹೇಳಿಬಿಡುತ್ತೇನೆ. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ನೋಡಿದ ಕೆಲವರು 'ಥಿಯೇಟರಿನಲ್ಲಿ ಬಿದ್ದು ಬಿದ್ದು ನಕ್ಕೆವು, ಮನೆಯಲ್ಲಿ ಅಷ್ಟು ನಗು ಬರಲಿಲ್ಲ' ಎನ್ನುತ್ತಾರೆ. ಪಕ್ಕದವರ ನಗುವೂ ಆ ಚಿತ್ರದ ಸೌಂಡೇ. ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ 'ತುಂಬ ನಿಧಾನ' ಎಂಬ ದೂರು. ಜೈಲಿನ ಗೋಡೆಯೊಳಗೆ ನಾಯಕ ಮನುವಿಗೆ ಉಳಿಯುವುದು ಕ್ಯಾಸೆಟ್ಟಿನಲ್ಲಿರುವ ಪ್ರೇಯಸಿ ಪ್ರಿಯಾಳ ದನಿ. ಬಸ್ಸಿನಲ್ಲಿ ಮೊಬೈಲ್ ಹಿಡಿದು ನೋಡಿದವರಿಗೆ ಆ ದನಿಯ ಉಸಿರು ಎಲ್ಲಿಂದ ಕೇಳಬೇಕು? ಉಸಿರು ಕೇಳಿದವರಿಗೆ ಆ ಚಿತ್ರ ನಿಧಾನ ಅನಿಸುವುದೇ ಇಲ್ಲ.

ಮನೆಯ ಟೀವಿಯಲ್ಲಿ ನೋಡುವವರಿಗೆ ಕಡೆಯ ಮಾತು. ಸಾಮಾನ್ಯವಾಗಿ ಟೀವಿಯಲ್ಲಿರುವುದು ಎರಡೇ ಸ್ಪೀಕರ್, ಅವೂ ನೆಲದ ಕಡೆಗೋ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ. ಆರು ದಾರಿಯ ಸದ್ದನ್ನು ಅದಕ್ಕೆ ತುರುಕಿದರೆ ಮೊದಲು ಸಾಯುವುದು ಮಾತು. ಓಟಿಟಿ ಆ್ಯಪ್‌ನ ಆಡಿಯೋ ಪಟ್ಟಿ ತೆರೆಯಿರಿ. ಕನ್ನಡ 5.1 ಎಂದಿದ್ದರೆ ಅದನ್ನು ಬಿಟ್ಟು ಬರೀ ಕನ್ನಡ ಅಥವಾ ಸ್ಟೀರಿಯೋ ಎಂದಿರುವುದನ್ನು ಆರಿಸಿ. ಟೀವಿಯ ಸೌಂಡ್ ಮೋಡ್‌ನಲ್ಲಿ ಸಿನಿಮಾ, ಮ್ಯೂಸಿಕ್ ಬೇಡ, ಕ್ಲಿಯರ್ ವಾಯ್ಸ್ ಇಡಿ. ರಾತ್ರಿ ಮಕ್ಕಳು ಮಲಗಿದ್ದರೆ ನೈಟ್ ಮೋಡ್ ಹಾಕಿ, ಜೋರು ಸದ್ದು ತಗ್ಗಿ ಮೆಲುಮಾತು ಮೇಲೆ ಬರುತ್ತದೆ. ಫ್ಯಾನನ್ನು ಒಂದು ಪಾಯಿಂಟ್ ಇಳಿಸಿ. ಇಷ್ಟು ಮಾಡಿ, ಅರ್ಥವಾಗಲಿಲ್ಲ ಎಂದು ಬಿಟ್ಟುಬಿಟ್ಟ ಯಾವುದಾದರೂ ಒಂದು ಚಿತ್ರವನ್ನು ಈ ಭಾನುವಾರ ಮತ್ತೆ ಹಾಕಿ.

ನಮಸ್ಕಾರ.