ಕುಂಟೆಬಿಲ್ಲೆಯಿಂದ ಹತ್ತು ಮೀಟರ್ ಎತ್ತರಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

2014ರಲ್ಲಿ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಮೈಹೆ ಎಂಬ ಹಳ್ಳಿಯ ಶಾಲೆಗೆ ಝಾಂಜಿಯಾಂಗ್ ನಗರದ ಕ್ರೀಡಾಶಾಲೆಯ ತರಬೇತುದಾರರೊಬ್ಬರು ಬಂದಿದ್ದರು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಏಳು ವರ್ಷದ ಹುಡುಗಿಯೊಬ್ಬಳ ನೆಗೆತ ಅವರ ಕಣ್ಣಿಗೆ ಬಿತ್ತು. ಕಿತ್ತಳೆ ಬೆಳೆಯುವ ರೈತನ ಮಗಳಾದ ಆ ಚುವಾನ್ ಹೊಂಗ್‌ಚಾನ್, ಹದಿನಾಲ್ಕನೆಯ ವಯಸ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಹತ್ತು ಮೀಟರ್ ಡೈವಿಂಗ್‌ನಲ್ಲಿ ಚಿನ್ನ ಗೆದ್ದಳು. ಅವಳ ಐದು ಜಿಗಿತಗಳಲ್ಲಿ ಮೂರಕ್ಕೆ ಪೂರ್ಣ ಅಂಕ ಬಂದಿತ್ತು. ತಾನು ಮೃಗಾಲಯವನ್ನಾಗಲಿ ಮನರಂಜನಾ ಉದ್ಯಾನವನ್ನಾಗಲಿ ನೋಡಿಯೇ ಇಲ್ಲವೆಂದೂ, ಹಣ ಸಂಪಾದಿಸಿ ತಾಯಿಗೆ ಚಿಕಿತ್ಸೆ ಕೊಡಿಸಬೇಕೆಂದೂ ಅವಳು ಪತ್ರಕರ್ತರಿಗೆ ಹೇಳಿದಾಗ, ಚಿನ್ನದ ಪದಕಕ್ಕಿಂತ ಆ ಮಾತೇ ಚೀನೀಯರ ಮನಸ್ಸನ್ನು ಹೆಚ್ಚು ತಟ್ಟಿತು.

ಆ ತರಬೇತುದಾರರು ಹಳ್ಳಿಗೆ ಬಂದದ್ದು ಆಕಸ್ಮಿಕವಲ್ಲ. 1950ರ ದಶಕದಲ್ಲಿ ಸೋವಿಯತ್ ಮಾದರಿಯನ್ನು ನೋಡಿ ಕಟ್ಟಿದ ಕ್ರೀಡಾಶಾಲೆಗಳ ಜಾಲವೇ ಮಕ್ಕಳನ್ನು ಹೀಗೆ ಹುಡುಕಿಕೊಂಡು ಹೋಗುತ್ತದೆ. ಬೀಜಿಂಗ್‌ನ ಪ್ರಸಿದ್ಧ ಶಿಚಾಹಾಯ್ ಶಾಲೆ ಆರಂಭವಾದದ್ದು 1958ರಲ್ಲಿ. ನಗರದ ಶಾಲೆಯಲ್ಲಿ ಪಳಗಿದ ಮಗು ಪ್ರಾಂತ್ಯದ ತಂಡಕ್ಕೆ, ಅಲ್ಲಿ ಉಳಿದುಕೊಂಡರೆ ರಾಷ್ಟ್ರೀಯ ತಂಡಕ್ಕೆ ಏರುತ್ತದೆ. ಪ್ರತಿ ಹಂತದಲ್ಲೂ ಬಹುಪಾಲು ಮಕ್ಕಳು ಜರಡಿಯಿಂದ ಕೆಳಗೆ ಉದುರುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪ್ರಾಂತ್ಯಗಳು ಪರಸ್ಪರ ಸೆಣಸುವುದರಿಂದ, ಒಲಿಂಪಿಕ್ಸ್ ಇಲ್ಲದ ವರ್ಷಗಳಲ್ಲೂ ಈ ಜರಡಿ ನಿಲ್ಲುವುದಿಲ್ಲ.

ಸಣ್ಣ ವಯಸ್ಸಿನಿಂದ ಒಂದೇ ಚಲನೆಯನ್ನು ಸಾವಿರಾರು ಸಲ ತಿದ್ದಿ ತೀಡಬಹುದಾದ ಡೈವಿಂಗ್, ಟೇಬಲ್ ಟೆನಿಸ್, ಭಾರ ಎತ್ತುವಿಕೆಯಂಥ ಆಟಗಳಲ್ಲಿ ಈ ಕ್ರಮ ಅಪಾರ ಫಲ ಕೊಟ್ಟಿದೆ. ಬೀದಿಬೀದಿಯಲ್ಲಿ ಮಕ್ಕಳು ತಾವಾಗಿಯೇ ಆಡಿ ಬೆಳೆಯಬೇಕಾದ ಫುಟ್‌ಬಾಲ್‌ನಲ್ಲಿ ಮಾತ್ರ ಅದರ ಕೈ ಸಾಗಿಲ್ಲ ಎಂದು ನನಗನ್ನಿಸುತ್ತದೆ: 2002ರ ವಿಶ್ವಕಪ್ಪಿನಲ್ಲಿ ಆಡಿದ ಚೀನೀ ಪುರುಷರ ತಂಡ ಮೂರು ಪಂದ್ಯಗಳಲ್ಲೂ ಸೋತಿತು, ಒಂದು ಗೋಲನ್ನೂ ಹೊಡೆಯಲಿಲ್ಲ.

ಉದುರಿದವರ ಗತಿಯೇನು? 2001ರ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿದ್ದ ಜಿಮ್ನಾಸ್ಟ್ ಒಬ್ಬರು ಗಾಯದಿಂದ ಆಟ ಬಿಟ್ಟು, ಪದಕಗಳನ್ನೂ ಮಾರಿಕೊಂಡು, 2011ರಲ್ಲಿ ಬೀಜಿಂಗ್‌ನ ಬೀದಿಯಲ್ಲಿ ಕಸರತ್ತು ತೋರಿಸಿ ಭಿಕ್ಷೆ ಬೇಡುತ್ತಿದ್ದುದು ಸುದ್ದಿಯಾಯಿತು. ಅದೇ ವರ್ಷ ಫ್ರೆಂಚ್ ಓಪನ್ ಟೆನಿಸ್ ಗೆದ್ದ ಲಿ ನಾ, 2008ರ ಕೊನೆಯಲ್ಲಿ ಸರ್ಕಾರಿ ತಂಡದ ವ್ಯವಸ್ಥೆಯಿಂದ ಹೊರಬಂದು, ತಮ್ಮ ತರಬೇತುದಾರರನ್ನು ತಾವೇ ಆರಿಸಿಕೊಂಡಿದ್ದವರು.

ಒಂದೇ ಮಗುವಿರುವ ಮನೆಗಳಲ್ಲಿ ತಂದೆತಾಯಿಯರ ಲಕ್ಷ್ಯವೆಲ್ಲ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಮೇಲೆ ನೆಟ್ಟಿರುವಾಗ, ಮಗುವನ್ನು ಕ್ರೀಡಾಶಾಲೆಯ ವಸತಿಗೃಹಕ್ಕೆ ಕಳುಹಿಸಲು ಪಟ್ಟಣಗಳಲ್ಲಿ ಅನೇಕರು ಹಿಂಜರಿಯುತ್ತಾರೆ. ಕ್ರೀಡೆಯನ್ನೂ ಶಿಕ್ಷಣವನ್ನೂ ಬೆಸೆಯಬೇಕೆಂದು ಸರ್ಕಾರ 2020ರಲ್ಲಿ ಸೂಚನೆ ಹೊರಡಿಸಿತು. ಚುವಾನ್ ಮಾತ್ರ ಕೊಳವನ್ನು ಬಿಡಲಿಲ್ಲ; ಮೈ ಬೆಳೆದಂತೆ ಡೈವಿಂಗ್ ಕಷ್ಟವಾಗುವ ವಯಸ್ಸನ್ನು ದಾಟಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆರಡು ಚಿನ್ನ ಗೆದ್ದಾಗ ಅವಳಿಗೆ ಹದಿನೇಳು ವರ್ಷ.